ಬಣ್ಣ ನೋಡಿ ಮುಂಗಡ ಕೊಡಬೇಡಿ

ಸಾಗರ ದಾಟುವ ಆಸೆಯಿಂದ ಹಳೆಯ ಹಾಯಿದೋಣಿ ಕೊಳ್ಳಹೊರಟಿದ್ದೀರಾ? ಸಂತೋಷ. ಆದರೆ ಹೊಸ ಬಣ್ಣ, ಮೆತ್ತನೆ ಹಾಸಿಗೆ ಕಂಡು ಮರುಳಾಗಬೇಡಿ. ನಮ್ಮ ತಿಳವಳ್ಳಿ ಕಡೆ ಹಳೇ ಟ್ರ್ಯಾಕ್ಟರ್ ಕೊಳ್ಳುವವರು ಇಂಜಿನ್ ಚಾಲೂ ಮಾಡಿಸಿ ಹೊಗೆ ನೋಡುತ್ತಾರೆ. ನೀವೂ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ತಳ ನೋಡಿ. ಫೈಬರ್ ಮೇಲೆ ಬೊಕ್ಕೆ ಎದ್ದಿವೆಯೇ, ತಳದ ಭಾರದ ರೆಕ್ಕೆಯಾದ ಕೀಲ್ ಕೂಡುವಲ್ಲಿ ತುಕ್ಕುನೀರು ಜಿನುಗಿದೆಯೇ, ಚುಕ್ಕಾಣಿ ಸಡಿಲವಾಗಿದೆಯೇ? ಹಾಯಿಕಂಬ ಹಿಡಿದ ಉಕ್ಕಿನ ತಂತಿಯಲ್ಲಿ ಒಂದೆಳೆ ಹರಿದಿದ್ದರೂ ಬದಲಿಸಲೇಬೇಕು. ಆ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳಿ. ದೋಣಿ ಪರೀಕ್ಷಿಸುವ ಸರ್ವೇಯರ್ ನಿಮ್ಮವರೇ ಇರಲಿ, ಮಾರುವವರು ಕರೆತಂದವರಲ್ಲ.

ದೊಡ್ಡದೇ ಬೇಕೆಂಬ ಹಟವೂ ಬೇಡ. 2022ರ ಗೋಲ್ಡನ್ ಗ್ಲೋಬ್ ಹಾಯಿದೋಣಿ ಸ್ಪರ್ಧೆಯಲ್ಲಿ ನಮ್ಮ ದೇಶದ ನಾವಿಕ ಅಭಿಲಾಷ್ ಟೋಮಿ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದದ್ದು 36 ಅಡಿಯ, ಹಳೇ ವಿನ್ಯಾಸದ ದೋಣಿಯಲ್ಲಿ! ಕೈಲಿದ್ದ ಹಣವನ್ನೆಲ್ಲ ಖರೀದಿಗೇ ಸುರಿಯದೆ, ದುರಸ್ತಿಗೆಂದು ಒಂದು ಪಾಲು ಮೊದಲೇ ಎತ್ತಿಡಿ.