ವೀರ್ಯನಾಳ ಮರುಜೋಡಣೆಯ ನಂತರ: ಗಾಯದ ಆರೈಕೆ, ಮನಸ್ಸಿನ ಆರೈಕೆ



ಸಂತಾನಹರಣ ಶಸ್ತ್ರಚಿಕಿತ್ಸೆ, ಅಂದರೆ ವ್ಯಾಸೆಕ್ಟಮಿ, ಮಾಡಿಸಿಕೊಂಡ ಪುರುಷರು ಮತ್ತೆ ಮಗು ಬೇಕೆಂದು ಬರುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ಇದ್ದ ಮಗು ತೀರಿಕೊಂಡಾಗ, ಇಲ್ಲವೇ ಮರುಮದುವೆಯಾದಾಗ. ಕತ್ತರಿಸಿ ಕಟ್ಟಿದ್ದ ಎರಡು ವೀರ್ಯನಾಳಗಳನ್ನು ಸೂಕ್ಷ್ಮದರ್ಶಕದ ಸಹಾಯದಿಂದ, ಕೂದಲಿಗಿಂತ ತೆಳುವಾದ ದಾರದಲ್ಲಿ ಮತ್ತೆ ಹೊಲಿಯುವುದೇ ಮರುಜೋಡಣೆ. ಪಾಳಾ ಸುತ್ತಲಿನವರು ಇದಕ್ಕಾಗಿ ಹುಬ್ಬಳ್ಳಿಯಂಥ ಊರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಮನೆಗೆ ಬಂದ ಮೇಲಿನ ಆರೈಕೆ ಮಾತ್ರ ನಿಮ್ಮ ಕೈಯಲ್ಲಿದೆ.

ಶರೀರದ ಆರೈಕೆ

1. ಮೊದಲ ಎರಡು ದಿನ ಮಲಗಿ ವಿಶ್ರಾಂತಿ ಪಡೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ 15–20 ನಿಮಿಷ ಇಡಿ. ಬರಿ ಚರ್ಮಕ್ಕೆ ತಾಗಿಸಬೇಡಿ.
2. ಎರಡು ದಿನ ಗಾಯಕ್ಕೆ ನೀರು ಸೋಕಬಾರದು. ಲಿಂಗಪೂಜೆಗೆ ಮೊದಲು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡರೆ ಸಾಕು. ಗಾಯ ಮಾಯುವವರೆಗೆ ಕೆರೆ, ಹಳ್ಳದಲ್ಲಿ ಇಳಿಯಬೇಡಿ.
3. ಬಿಗಿಯಾದ ಒಳಉಡುಪು ಅಥವಾ ಲಂಗೋಟಿಯನ್ನು ಹಗಲು ರಾತ್ರಿ 3–4 ವಾರ ಧರಿಸಿರಿ.
4. ಭತ್ತದ ಚೀಲ, ಗೋವಿನಜೋಳದ ಮೂಟೆ ಎತ್ತುವುದು, ಸೈಕಲ್, ಬೈಕು, ಟ್ರ್ಯಾಕ್ಟರ್ ಸವಾರಿ 3–4 ವಾರ ಬೇಡ. ಕಾಯಕ ಬಿಟ್ಟು ಕೂರುವುದು ರೈತನಿಗೆ ಕಷ್ಟವೇ. ಆದರೆ ಎಳೆ ಹೊಲಿಗೆ ಜಗ್ಗಿದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾದೀತು.
5. ದಂಪತಿಗಳ ಸಂಪರ್ಕ ಸಾಮಾನ್ಯವಾಗಿ 3–4 ವಾರ ಬೇಡ. ನಿಮ್ಮ ವೈದ್ಯರು ಹೇಳಿದ ಅವಧಿಯನ್ನೇ ಪಾಲಿಸಿ.
6. ಮಲಬದ್ಧತೆಯಾಗದಂತೆ ಸೊಪ್ಪು, ಕಾಳು, ರೊಟ್ಟಿ ತಿಂದು ಸಾಕಷ್ಟು ನೀರು ಕುಡಿಯಿರಿ.

ಸ್ವಲ್ಪ ಬಾವು, ನೀಲಿ ಕಲೆ, ಜಗ್ಗಿದಂಥ ನೋವು ಸಹಜ. ಮೊದಲ ಕೆಲವು ಸಲ ವೀರ್ಯದಲ್ಲಿ ರಕ್ತದ ಛಾಯೆ ಕಂಡರೆ ಗಾಬರಿ ಬೇಡ. ಆದರೆ 101 ಡಿಗ್ರಿ ಮೀರಿದ ಜ್ವರ, ಬೆಳೆಯುತ್ತಲೇ ಇರುವ ಬಾವು, ಕೀವು, ನಿಲ್ಲದ ರಕ್ತ, ಮೂತ್ರ ಕಟ್ಟುವಿಕೆ ಇದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ.

ಫಲ ಯಾವಾಗ?

ಸುಮಾರು 6–8 ವಾರಗಳ ನಂತರ ಮೊದಲ ವೀರ್ಯ ಪರೀಕ್ಷೆ, ಬಳಿಕ ಕೆಲವು ತಿಂಗಳಿಗೊಮ್ಮೆ. ಮೊದಲ ಸಲ ವೀರ್ಯಾಣು ಕಾಣದಿದ್ದರೂ ಆಸೆ ಬಿಡಬೇಡಿ. ಕೆಲವರಲ್ಲಿ ಆರು ತಿಂಗಳು, ಇನ್ನೂ ಹೆಚ್ಚು ಸಮಯ ಬೇಕಾಗುತ್ತದೆ. 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಂತೆ, ಮೊದಲ ಆಪರೇಷನ್ ಆಗಿ 3 ವರ್ಷದೊಳಗೆ ಮರುಜೋಡಣೆ ಮಾಡಿಸಿದವರಲ್ಲಿ 100ಕ್ಕೆ 76 ದಂಪತಿಗಳಿಗೆ ಗರ್ಭ ನಿಂತಿತ್ತು. 15 ವರ್ಷ ದಾಟಿದವರಲ್ಲಿ 30 ದಂಪತಿಗಳಿಗೆ ಮಾತ್ರ. ನಾಳ ತೆರೆದರೂ ಎಲ್ಲರಿಗೂ ಮಗುವಾಗುವುದಿಲ್ಲ. ಪತ್ನಿಯ ವಯಸ್ಸು, ಆರೋಗ್ಯವೂ ಮುಖ್ಯ. ಆದ್ದರಿಂದ ಅವರ ತಪಾಸಣೆಯೂ ಆಗಲಿ.

ಮನಸ್ಸಿನ ಆರೈಕೆ

“ಎರಡು ಸಲ ಕತ್ತರಿ ಬಿತ್ತು, ಗಂಡಸುತನ ಹೋಯಿತೇ?” ಎಂದು ಕೆಲವರು ನಾಚುತ್ತಲೇ ಕೇಳುತ್ತಾರೆ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಪುರುಷರಿಗೆ, ಬಹಳ ಕಡೆ ಒತ್ತಾಯದಿಂದ, ಈ ಆಪರೇಷನ್ ಆಯಿತು. ಅಂದಿನ ಭಯ ಇಂದಿಗೂ ಮಾತಿನಲ್ಲಿ ಉಳಿದಿದೆ. ನಿಜವೆಂದರೆ ಪುರುಷ ಹಾರ್ಮೋನು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ನಾಳ ಕತ್ತರಿಸಿದರೂ, ಜೋಡಿಸಿದರೂ ಅದು ತಗ್ಗುವುದಿಲ್ಲ.

ಮಗುವನ್ನು ಕಳೆದುಕೊಂಡವರಿಗೆ ಇನ್ನೊಂದು ಮಾತು. ಹುಟ್ಟುವ ಮಗು ಹೋದ ಮಗುವಿನ ಬದಲಿಯಲ್ಲ. ಆ ದುಃಖಕ್ಕೆ ಅದರದೇ ಜಾಗ ಕೊಡಿ. ಗಂಡ ಹೆಂಡತಿ ಇಬ್ಬರೂ ಹೋದ ಮಗುವಿನ ಹೆಸರು ಹಿಡಿದು ಮಾತನಾಡಿ, ಅಳು ಬಂದರೆ ಅತ್ತುಬಿಡಿ. ನಿದ್ದೆ, ಊಟ ಬಿಟ್ಟುಹೋದರೆ, ಬದುಕು ಬೇಡವೆನಿಸಿದರೆ ತಡಮಾಡದೆ ನಮಗೆ ಹೇಳಿ. ಸರ್ಕಾರದ ಟೆಲಿ ಮಾನಸ್ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯ ಹಿರಿಯರಲ್ಲಿ ವಿನಂತಿ: “ಏನಾದರೂ ವಿಶೇಷವೇ?” ಎಂದು ತಿಂಗಳು ತಿಂಗಳು ಸೊಸೆಯನ್ನು ಕೇಳಬೇಡಿ. ಫಲ ಸಿಗದಿದ್ದರೆ ಅದು ಆಕೆಯ ದೋಷವೂ ಅಲ್ಲ, ಆತನ ದೋಷವೂ ಅಲ್ಲ. ಆಗಲೂ ದಾರಿಗಳಿವೆ: ಮತ್ತೊಮ್ಮೆ ಶಸ್ತ್ರಚಿಕಿತ್ಸೆ, ವೃಷಣದಿಂದ ವೀರ್ಯಾಣು ತೆಗೆದು ಮಾಡುವ ಪ್ರನಾಳ ಶಿಶು ಚಿಕಿತ್ಸೆ, ಕಾನೂನುಬದ್ಧ ದತ್ತು. ಖರ್ಚು, ಕಷ್ಟ, ಕಾಲ ಎಲ್ಲವನ್ನೂ ವೈದ್ಯರಲ್ಲಿ ಕೇಳಿ, ಇಬ್ಬರೂ ಕೂಡಿ ನಿರ್ಧರಿಸಿ.

ಮುಂದಿನ ತಪಾಸಣೆಗೆ ಬರುವಾಗ ಹಳೆಯ ಚೀಟಿಗಳ ಜೊತೆ ನಿಮ್ಮ ಪ್ರಶ್ನೆಗಳನ್ನೂ ಬರೆದು ತನ್ನಿ. ಕೇಳಲು ಸಂಕೋಚ ಬೇಡ.