ಸೀನಿಯರ್ ಕಳಿಸಿದ ಕಾರ್ಪೊರೇಟ್ ಕೋಡ್

ಹ್ಯಾಕಥಾನ್, ಇಂಟರ್ನ್‌ಶಿಪ್ ಸೀಸನ್ ಬಂತು ಅಂದ್ರೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತೆ: "ಈ ಕೋಡ್ ಹಾಕಿ ರೂಮ್ ಬುಕ್ ಮಾಡ್ರೋ, ರೇಟ್ ಸಿಕ್ಕಾಪಟ್ಟೆ ಕಮ್ಮಿ ಆಗುತ್ತೆ." ಕಳಿಸಿದವರು ದೊಡ್ಡ ಕಂಪನಿ ಸೇರಿರುವ ಯಾರೋ ಸೀನಿಯರ್. ಕೋಡ್ ಹಾಕಿದರೆ ರೇಟ್ ಇಳಿಯೋದೂ ನಿಜ. ಅಂದಹಾಗೆ, ನಮ್ಮ ಕಡೆ ಹೋಟೆಲ್ ಅಂದ್ರೆ ಮೊದಲು ನೆನಪಾಗೋದು ಮಸಾಲೆ ದೋಸೆ. ಇಲ್ಲಿ ಮಾತು ಉಳಿದುಕೊಳ್ಳುವ ಹೋಟೆಲ್‌ಗಳದ್ದು.

ಆ ಕೋಡ್ ಕೂಪನ್ ಅಲ್ಲ. ಕಂಪನಿಯೊಂದು ಹೋಟೆಲಿನವರ ಜೊತೆ ಕೂತು, "ನಮ್ಮವರು ವರ್ಷಕ್ಕೆ ಸುಮಾರು ಇಷ್ಟು ರಾತ್ರಿ ಉಳ್ಕೋತಾರೆ, ರೇಟ್ ಎಷ್ಟು ಮಾಡ್ತೀರಾ?" ಎಂದು ಚೌಕಾಸಿ ಮಾಡಿ ಬರೆಸಿಕೊಂಡ ಒಪ್ಪಂದದ ನಂಬರ್ ಅದು. ಹಲವು ಒಪ್ಪಂದಗಳಲ್ಲಿ ರೇಟ್ ವರ್ಷಪೂರ್ತಿ ಒಂದೇ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ಬೆಂಗಳೂರಿನ ರೂಮ್ ಬಾಡಿಗೆ ಗಗನಕ್ಕೇರಿದರೂ, ಒಪ್ಪಂದದಲ್ಲಿ ಆ ದಿನಗಳನ್ನು ಹೊರಗಿಟ್ಟಿಲ್ಲದಿದ್ದರೆ, ಆ ಕಂಪನಿಯವರಿಗೆ ಹಳೇ ರೇಟೇ. ಕೋಡ್‌ಗೆ ಬೆಲೆ ಬರೋದು ಅಂಥ ದಿನಗಳಲ್ಲಿ. ಹೋಟೆಲಿನವರು ಐಡಿ ಕೇಳಲು ಕಾರಣ ಇರೋದೂ ಅಂಥ ದಿನಗಳಲ್ಲೇ.

ವೆಬ್‌ಸೈಟ್ ಕೋಡ್ ಒಪ್ಪಿಕೊಂಡಿತಲ್ಲ, ಇನ್ನೇನು ಅಂತ ಅನ್ನಿಸಬಹುದು. ಸೆಕ್ಯೂರಿಟಿ ಪೇಪರ್‌ನಲ್ಲಿ ಓದಿರ್ತೀರಿ: ಐಡೆಂಟಿಫಿಕೇಶನ್ ಬೇರೆ, ಅಥೆಂಟಿಕೇಶನ್ ಬೇರೆ. ಈ ಕೋಡ್ ಬರೀ ಯೂಸರ್‌ನೇಮ್ ಇದ್ದ ಹಾಗೆ. ಪಾಸ್‌ವರ್ಡ್ ಕೇಳೋದು ಚೆಕ್-ಇನ್ ಕೌಂಟರ್‌ನಲ್ಲಿ. ಆಧಾರ್ ಕೊಟ್ಟ ಮೇಲೆ, "ಕಂಪನಿ ಐಡಿ ಇದೆಯಾ ಸಾರ್?" ಅನ್ನುತ್ತಾರೆ. ಎಲ್ಲ ಸಲ ಕೇಳಲ್ಲ, ಅದೇ ನಮ್ಮವರಿಗೆ ಧೈರ್ಯ. ಕೇಳಿದ ದಿನ ಮಾತ್ರ ರಾತ್ರಿ ಹನ್ನೊಂದಾಗಿರುತ್ತೆ, ಬೆಳಗ್ಗೆ ಇಂಟರ್‌ವ್ಯೂ ಇರುತ್ತೆ, ಬೇರೆ ರೂಮ್ ಹುಡುಕೋ ಸ್ಥಿತಿ ಇರಲ್ಲ. ಐಡಿ ಇಲ್ಲದಿದ್ದರೆ ಹೋಟೆಲ್ ಆ ದಿನದ ಮಾಮೂಲಿ ರೇಟ್ ಹಾಕಬಹುದು, ಬುಕಿಂಗನ್ನೇ ರದ್ದು ಮಾಡಬಹುದು. ಮುಂಗಡ ಕಟ್ಟಿದ ದುಡ್ಡು ವಾಪಸ್ ಬರುತ್ತಾ ಅನ್ನೋದು ಷರತ್ತಿನ ಮೇಲೆ ನಿಂತಿದೆ.

ಲೆಕ್ಕಾನೂ ಹಾಕೋಣ. ಕೋಡ್ ರೇಟ್ ₹7,000, ಮಾಮೂಲಿ ರೇಟ್ ₹9,000 ಅಂತಿಟ್ಟುಕೊಳ್ಳಿ. ವ್ಯತ್ಯಾಸ ಎರಡೇ ಸಾವಿರ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಜಿಎಸ್‌ಟಿ 5%, ಅದಕ್ಕಿಂತ ಮೇಲಾದರೆ 18%. ಹಾಗಾಗಿ ₹7,350ರ ಬಿಲ್ ₹10,620 ಆಗುತ್ತೆ. ಮೂರು ರಾತ್ರಿಗೆ ₹9,810 ಹೆಚ್ಚು. ಹಾಸ್ಟೆಲ್ ಹುಡುಗರ ಅಕೌಂಟಿನಲ್ಲಿ ತಿಂಗಳ ಕೊನೆಗೆ ಅಷ್ಟಿರುತ್ತಾ?

ಇನ್ನೊಂದು ಕಡೆ ಸೀನಿಯರ್ ಕಥೆ. ಯಾವ ಕೋಡ್‌ನಲ್ಲಿ ಎಷ್ಟು ರಾತ್ರಿ ಬುಕ್ ಆಯ್ತು ಅಂತ ಹೋಟೆಲ್ ಲೆಕ್ಕ ಇಡುತ್ತೆ. ಒಪ್ಪಂದ ನವೀಕರಿಸುವಾಗ ಅದು ಕಂಪನಿಯ ಟ್ರಾವೆಲ್ ಡೆಸ್ಕ್ ಮುಂದೆ ಬರುತ್ತೆ. ಉದ್ಯೋಗಿಗಳಲ್ಲದವರ ಬುಕಿಂಗ್ ಸಿಕ್ಕಿ, ಕೋಡ್ ಎಲ್ಲಿಂದ ಸೋರಿತು ಅಂತ ಹುಡುಕಿದರೆ ಉತ್ತರ ಕೊಡಬೇಕಾದವರು ಅವರು. ಪ್ರೊಬೇಶನ್‌ನಲ್ಲಿ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಇದಕ್ಕೆಲ್ಲ ಪೊಲೀಸ್ ಬರ್ತಾರೆ ಅಂತ ಹೆದರಿಸೋದು ನನಗೆ ಇಷ್ಟ ಇಲ್ಲ. ಆದರೆ "ಫೋಟೋಶಾಪ್‌ನಲ್ಲಿ ಒಂದು ಐಡಿ ಮಾಡ್ಕೊಳ್ಳೋಣ" ಅನ್ನೋ ಮಹಾನುಭಾವರು ಪ್ರತಿ ಬ್ಯಾಚಲ್ಲೂ ಇರ್ತಾರೆ. ಅಲ್ಲಿಂದ ಮುಂದೆ ಅದು ಡಿಸ್ಕೌಂಟ್ ವಿಷಯವಾಗಿ ಉಳಿಯಲ್ಲ, ನಕಲಿ ದಾಖಲೆ ವಿಷಯ ಆಗುತ್ತೆ. ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ನೀವೇ ಇಂಟರ್ನ್ ಆಗಿದ್ದರೆ ವಿಷಯ ಬೇರೆ. ಕೆಲವು ಕಂಪನಿಗಳು ಇಂಟರ್ನ್‌ಗಳಿಗೂ, ಸ್ವಂತ ಪ್ರವಾಸಕ್ಕೂ ಕೋಡ್ ಬಳಸಲು ಬಿಡುತ್ತವೆ, ಕೆಲವು ಬಿಡಲ್ಲ. ಎಚ್‌ಆರ್‌ಗೆ ಎರಡು ಸಾಲು ಮೇಲ್ ಹಾಕಿ, ಬಂದ ಉತ್ತರವನ್ನು ಫೋನಲ್ಲಿ ಇಟ್ಕೊಳ್ಳಿ. ಉಳಿದವರು ಹೋಟೆಲ್‌ಗೇ ಫೋನ್ ಮಾಡಿ ವಿದ್ಯಾರ್ಥಿ ರೇಟ್ ಇದೆಯಾ ಅಂತ ಕೇಳಬಹುದು. ರೈಲಲ್ಲಿ ಹೋಗ್ತಿದ್ದರೆ, ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟಿನ ಪಿಎನ್‌ಆರ್ ಇದ್ದರೆ ಸಾಕು, ದೊಡ್ಡ ಸ್ಟೇಷನ್‌ಗಳ ರಿಟೈರಿಂಗ್ ರೂಮನ್ನು ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು. ಬೇಗ ಖಾಲಿಯಾಗುತ್ತೆ, ಟಿಕೆಟ್ ಸಿಕ್ಕ ದಿನವೇ ನೋಡಿ.