ಬೇಸಿಗೆಯಲ್ಲೇ ನಲ್ಲಿ, ಪೈಪು, ಮೋಟಾರ್ ಏಕೆ ಕೆಡುತ್ತವೆ?



ಮಾರ್ಚ್ ಬಂತೆಂದರೆ ಬಿಟಿಎಂ ಲೇಔಟ್, ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಪ್ಲಂಬರ್ ಸಿಗುವುದು ಕಷ್ಟ. ಬೆಳಿಗ್ಗೆ ಫೋನ್ ಮಾಡಿದರೆ "ಸಂಜೆ ಬರ್ತೀನಿ" ಅನ್ನುತ್ತಾರೆ, ಸಂಜೆ ಮಾಡಿದರೆ "ನಾಳೆ" ಅನ್ನುತ್ತಾರೆ. ಒಬ್ಬರ ಮನೆಯಲ್ಲಿ ಮೋಟಾರ್ ಸುಟ್ಟಿರುತ್ತದೆ, ಇನ್ನೊಬ್ಬರ ಮನೆಯಲ್ಲಿ ಟೆರೇಸ್ ಮೇಲಿನ ಪೈಪ್ ಬಿಟ್ಟುಕೊಂಡಿರುತ್ತದೆ, ಮತ್ತೊಬ್ಬರ ಬಾತ್‌ರೂಮಿನಿಂದ ಕೆಟ್ಟ ವಾಸನೆ ಬರುತ್ತಿರುತ್ತದೆ. ಇದು ಸ್ವಲ್ಪ ವಿಚಿತ್ರ ಅಲ್ಲವೇ? ಮಳೆಗಾಲದಲ್ಲಿ ನೀರು ಹೆಚ್ಚು, ಆಗ ಪೈಪುಗಳು ಹೆಚ್ಚು ಕೆಡಬೇಕು. ಬೇಸಿಗೆಯಲ್ಲಿ ನೀರೇ ಇರುವುದಿಲ್ಲ, ಹಾಗಿದ್ದೂ ಆಗಲೇ ಎಲ್ಲವೂ ಏಕೆ ಕೆಡುತ್ತವೆ?

ನಾನು ಕಾಮರ್ಸ್ ವಿದ್ಯಾರ್ಥಿ. ಅಕೌಂಟೆನ್ಸಿಯಲ್ಲಿ ಸವಕಳಿ ಎಂಬ ಪಾಠ ನಮಗಿದೆ. ಯಂತ್ರ ವರ್ಷವಿಡೀ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ, ಆದರೆ ನಾವು ಅದನ್ನು ಪುಸ್ತಕದಲ್ಲಿ ಬರೆಯುವುದು ಮಾರ್ಚ್ 31ರಂದು. ಮನೆಯ ಪೈಪುಗಳ ವಿಷಯವೂ ಹೀಗೆಯೇ. ಕೆಲವು ತೊಂದರೆಗಳನ್ನು ಬೇಸಿಗೆಯೇ ತರುತ್ತದೆ. ಆದರೆ ಹೆಚ್ಚಿನವು ಮೊದಲೇ ಇದ್ದವು, ಬೇಸಿಗೆ ಅವನ್ನು ನಮ್ಮ ಕಣ್ಣಿಗೆ ತೋರಿಸುತ್ತದೆ. ಹೇಗೆ ಎಂದು ಒಂದೊಂದಾಗಿ ನೋಡೋಣ.

1. ಬಿಸಿಲಿಗೆ ಹಿಗ್ಗುವ ಪೈಪು

ಬಿಸಿಯಾದ ವಸ್ತು ಹಿಗ್ಗುತ್ತದೆ ಎಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ಎಲ್ಲ ವಸ್ತುಗಳೂ ಒಂದೇ ಸಮ ಹಿಗ್ಗುವುದಿಲ್ಲ. ಒಂದು ಮೀಟರ್ ಉದ್ದದ ಪಿವಿಸಿ ಪೈಪ್ ಒಂದು ಡಿಗ್ರಿ ಬಿಸಿಯಾದರೆ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. ಕಬ್ಬಿಣದ ಜಿಐ ಪೈಪ್ ಸುಮಾರು 0.012 ಮಿಲಿಮೀಟರ್ ಮಾತ್ರ.

ಇದು ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ಟೆರೇಸ್ ಮೇಲೆ 10 ಮೀಟರ್ ಪಿವಿಸಿ ಪೈಪ್ ಇದೆ, ರಾತ್ರಿಗೂ ಮಧ್ಯಾಹ್ನಕ್ಕೂ ಅದರ ಬಿಸಿಯಲ್ಲಿ 25 ಡಿಗ್ರಿ ವ್ಯತ್ಯಾಸ ಆಗುತ್ತದೆ ಎಂದುಕೊಳ್ಳಿ. 10 × 25 × 0.07 ಅಂದರೆ 17.5 ಮಿಲಿಮೀಟರ್. ಪ್ರತಿದಿನ ಪೈಪು ಸುಮಾರು ಪೌಣೆ ಎರಡು ಸೆಂಟಿಮೀಟರ್ ಹಿಗ್ಗಿ ಮತ್ತೆ ಕುಗ್ಗುತ್ತದೆ. ಎರಡೂ ಕಡೆ ಕ್ಲ್ಯಾಂಪ್ ಹಾಕಿ ಬಿಗಿ ಮಾಡಿದ್ದರೆ ಆ ಒತ್ತಡವೆಲ್ಲ ಎಲ್ಬೊ ಮತ್ತು ಜಾಯಿಂಟ್‌ಗಳ ಮೇಲೆ ಬೀಳುತ್ತದೆ. ಅಂಟು ಸರಿಯಾಗಿ ಹಾಕದ ಜಾಯಿಂಟ್ ಇದ್ದರೆ ಮೊದಲು ಬಿಟ್ಟುಕೊಳ್ಳುವುದು ಅದೇ. ಇದರ ಜೊತೆ ಸೂರ್ಯನ ನೇರಳಾತೀತ ಕಿರಣಗಳು ಬಣ್ಣ ಬಳಿಯದ ಪಿವಿಸಿಯನ್ನು ವರ್ಷದಿಂದ ವರ್ಷಕ್ಕೆ ಪೆಡಸು ಮಾಡುತ್ತವೆ. ಹಳೆಯ ಪೈಪನ್ನು ತಟ್ಟಿದರೆ ಬಿಸ್ಕತ್ತಿನಂತೆ ಮುರಿಯುವುದು ಇದರಿಂದಲೇ.

ಬೆಂಗಳೂರಿಗೆ ಇದು ಹೊಸ ಚಿಂತೆ. ತಂಪಾದ ಊರು ಎಂದು ಹೆಸರಾದ ನಮ್ಮ ನಗರದಲ್ಲಿ 2024ರ ಏಪ್ರಿಲ್ ಕೊನೆಯಲ್ಲಿ ಉಷ್ಣಾಂಶ 38 ಡಿಗ್ರಿ ದಾಟಿತ್ತು. ಅದು ನೆರಳಿನಲ್ಲಿ ಅಳೆದದ್ದು. ಬಿಸಿಲಲ್ಲಿ ಬಿದ್ದ ಪೈಪ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ.

2. ಬಂದು ಹೋಗುವ ನೀರು

ಇದು ಬಿಸಿಲಿಗಿಂತ ದೊಡ್ಡ ಕಾರಣ. ನಮಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಡುತ್ತದೆ. ಅಲ್ಲಿ, ಹಾರೋಹಳ್ಳಿಯಲ್ಲಿ ಮತ್ತು ಕನಕಪುರ ರಸ್ತೆಯ ತಾತಗುಣಿಯಲ್ಲಿ ಪಂಪ್ ಮಾಡಿ ಅದನ್ನು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಬೇಕು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚು ನೀರು ಕೊಡುವ ಯೋಜನೆ ಅದು. ಆದರೂ ಬಹಳ ಬಡಾವಣೆಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ವಾಲ್ವ್ ತಿರುಗಿಸಿದಾಗ ಕೆಲವು ಗಂಟೆ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ಆ ಗಂಟೆಗಳೂ ಕಡಿಮೆಯಾಗುತ್ತವೆ.

ನೀರು ನಿಂತಾಗ ಪೈಪಿನೊಳಗೆ ಗಾಳಿ ತುಂಬುತ್ತದೆ. ಮತ್ತೆ ನೀರು ಬಂದಾಗ ಆ ಗಾಳಿ ಹೊರಗೆ ಹೋಗಬೇಕು. ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮಿದಂತೆ ಶಬ್ದ ಬಂದು ನೀರು ಸಿಡಿಯುವುದು ಇದಕ್ಕೇ. ಗಾಳಿಯ ಹಿಂದೆ ರಭಸದಿಂದ ಬರುವ ನೀರು ಪ್ರತಿ ತಿರುವಿನಲ್ಲೂ ಸುತ್ತಿಗೆಯಂತೆ ಬಡಿಯುತ್ತದೆ. ಸಡಿಲವಾದ ಜಾಯಿಂಟ್ ಆಗ ಸೋರಲು ಶುರು ಮಾಡುತ್ತದೆ. ನಲ್ಲಿಯೊಳಗಿನ ರಬ್ಬರ್ ವಾಷರ್ ಒಮ್ಮೆ ಒಣಗಿ ಒಮ್ಮೆ ನೆನೆದು ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ಹನಿ ನಿಲ್ಲುವುದಿಲ್ಲ.

ಜಯನಗರಕ್ಕೆ ಶಂಕುಸ್ಥಾಪನೆ ಆದದ್ದು 1948ರಲ್ಲಿ. ಅಲ್ಲಿನ ಹಳೆಯ ಮನೆಗಳಲ್ಲಿ ಗೋಡೆಯೊಳಗೆ ಜಿಐ ಪೈಪುಗಳು ಇನ್ನೂ ಇವೆ. ಕಬ್ಬಿಣಕ್ಕೆ ನೀರೂ ಗಾಳಿಯೂ ಸರದಿಯಂತೆ ತಗಲಿದರೆ ತುಕ್ಕು ಬೇಗ ಹಿಡಿಯುತ್ತದೆ. ನೀರು ರಭಸದಿಂದ ಬಂದಾಗ ಆ ತುಕ್ಕು ಕಳಚಿ ಕೆಂಪು ನೀರಾಗಿ ಬರುತ್ತದೆ, ಫಿಲ್ಟರ್ ಮತ್ತು ಟ್ಯಾಂಕಿನ ಬಾಲ್ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಆರೋಗ್ಯದ ವಿಷಯವೂ ಇದೆ. ಪೈಪಿನಲ್ಲಿ ನೀರು ತುಂಬಿ ಒತ್ತಡ ಇರುವಾಗ ಸಣ್ಣ ಬಿರುಕಿನಿಂದ ನೀರು ಹೊರಗೆ ಹೋಗುತ್ತದೆ. ಪೈಪ್ ಖಾಲಿಯಾದಾಗ ಅದೇ ಬಿರುಕಿನಿಂದ ಹೊರಗಿನ ಕೊಳೆ ನೀರು ಒಳಗೆ ಬರಬಹುದು. ಆದ್ದರಿಂದ ಬಹಳ ಹೊತ್ತಿನ ನಂತರ ಬಂದ ಮೊದಲ ಬಕೆಟ್ ನೀರನ್ನು ಕುಡಿಯಲು ಹಿಡಿಯಬಾರದು. ಗಿಡಕ್ಕೋ ಟಾಯ್ಲೆಟ್‌ಗೋ ಹಾಕಿ.

3. ಸಂಪಿನ ತಳ ಮತ್ತು ಮೋಟಾರ್

ಸಂಪಿನಲ್ಲಿ ನೀರು ತುಂಬಿರುವಾಗ ತಳದ ಕೆಸರು ತಳದಲ್ಲೇ ಇರುತ್ತದೆ. ನೀರು ಇಳಿದಾಗ ಫುಟ್ ವಾಲ್ವ್ ಕೆಸರನ್ನೂ ಗಾಳಿಯನ್ನೂ ಎಳೆಯುತ್ತದೆ. ಕೆಸರಿನ ಕಣ ವಾಲ್ವಿನ ಬಾಯಲ್ಲಿ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ, ಪೈಪಿನ ನೀರೆಲ್ಲ ಮತ್ತೆ ಸಂಪಿಗೆ ಇಳಿಯುತ್ತದೆ. ಮುಂದಿನ ಸಲ ಮೋಟಾರ್ ತಿರುಗುತ್ತದೆ, ನೀರು ಏರುವುದಿಲ್ಲ. ಪಂಪಿನೊಳಗಿನ ಸೀಲನ್ನು ತಂಪಾಗಿ ಇಡುವುದು ನೀರೇ. ನೀರಿಲ್ಲದೆ ಹತ್ತಿಪ್ಪತ್ತು ನಿಮಿಷ ಓಡಿದರೆ ಸೀಲ್ ಸುಡುತ್ತದೆ. ಮಳೆಗಾಲದಲ್ಲಿ ಸ್ವಿಚ್ ಹಾಕಿ ಮರೆತರೆ ಟ್ಯಾಂಕ್ ತುಂಬಿ ಹರಿಯುತ್ತದೆ ಅಷ್ಟೆ. ಬೇಸಿಗೆಯಲ್ಲಿ ಮರೆತರೆ ಮೋಟಾರೇ ಹೋಗುತ್ತದೆ.

ಟ್ಯಾಂಕರ್ ನೀರು ಸಂಪಿಗೆ ಬಿದ್ದಾಗಲೂ ತಳದ ಕೆಸರು ಏಳುತ್ತದೆ. ಲಾರಿ ಹೋದ ತಕ್ಷಣ ಮೋಟಾರ್ ಹಾಕದೆ ಒಂದು ಗಂಟೆ ಬಿಟ್ಟರೆ ಅದು ಮತ್ತೆ ತಳಕ್ಕೆ ಕೂರುತ್ತದೆ.

4. ಗಡಸು ನೀರಿನ ಸುಣ್ಣ

ಕಾವೇರಿ ನೀರು ಸಾಲದಿದ್ದರೆ ಬೋರ್‌ವೆಲ್ ನೀರು, ಇಲ್ಲವೇ ಟ್ಯಾಂಕರ್ ನೀರು. ಟ್ಯಾಂಕರ್ ನೀರೂ ಹೆಚ್ಚಾಗಿ ಬೋರ್‌ವೆಲ್ಲಿನದೇ. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಪದರ ಅದೇ. ಬೇಸಿಗೆಯಲ್ಲಿ ನಾವು ಗೀಸರ್ ಹಾಕದಿದ್ದರೂ ಟೆರೇಸ್ ಮೇಲಿನ ಸೋಲಾರ್ ಹೀಟರ್ ದಿನವಿಡೀ ನೀರು ಕಾಯಿಸುತ್ತಲೇ ಇರುತ್ತದೆ. ಅದರ ಪೈಪುಗಳಲ್ಲಿ ಪದರ ಬೆಳೆಯುತ್ತದೆ. ಶವರಿನ ತೂತುಗಳು ಮತ್ತು ನಲ್ಲಿ ಬಾಯಿಯ ಏರೇಟರ್ ಜಾಲರಿ ಕೂಡ ಹೀಗೇ ಮುಚ್ಚಿಕೊಳ್ಳುತ್ತವೆ. ನೀರು ಸಣ್ಣಗೆ ಬಂದರೆ ಟ್ಯಾಂಕ್ ಖಾಲಿ ಎಂದುಕೊಳ್ಳುವ ಮೊದಲು ಏರೇಟರ್ ಬಿಚ್ಚಿ ನೋಡಿ. ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿದರೆ ಸುಣ್ಣ ಬಿಡುತ್ತದೆ.

5. ಹೊರಹೋಗುವ ಪೈಪು

ನೀರು ಉಳಿಸಿದರೆ ಪೈಪ್ ಕಟ್ಟಿಕೊಳ್ಳುತ್ತದೆ ಎಂದರೆ ಆಶ್ಚರ್ಯ ಆಗಬಹುದು. ಕೊಳೆಯನ್ನು ತಳ್ಳಿಕೊಂಡು ಹೋಗುವುದು ನೀರು. ಫ್ಲಶ್ ಬದಲು ಅರ್ಧ ಮಗ್ ಹಾಕಿದರೆ, ಪಾತ್ರೆ ತೊಳೆದ ಎಣ್ಣೆ ನೀರು ಸ್ವಲ್ಪವೇ ಹೋದರೆ, ಕೊಳೆ ದಾರಿಯಲ್ಲೇ ನಿಂತು ಗಟ್ಟಿಯಾಗುತ್ತದೆ. ಜಯನಗರದಂತಹ ಮರಗಳ ಬಡಾವಣೆಯಲ್ಲಿ ಇನ್ನೊಂದು ಕಷ್ಟ ಇದೆ. ನೆಲ ಒಣಗಿದಾಗ ಬೇರುಗಳು ತೇವ ಹುಡುಕಿಕೊಂಡು ಹಳೆಯ ಚರಂಡಿ ಪೈಪಿನ ಜಾಯಿಂಟಿನೊಳಗೆ ನುಗ್ಗುತ್ತವೆ.

ವಾಸನೆಯ ಕಾರಣ ತುಂಬ ಸರಳ. ಬಾತ್‌ರೂಮ್ ನೆಲದ ನಹಾನಿ ಟ್ರ್ಯಾಪ್‌ನಲ್ಲಿ ಸುಮಾರು ಐದು ಸೆಂಟಿಮೀಟರ್ ನೀರು ಸದಾ ನಿಂತಿರುತ್ತದೆ. ಚರಂಡಿಯ ಗಾಳಿ, ಜಿರಳೆ ಒಳಗೆ ಬಾರದಂತೆ ತಡೆಯುವ ಬಾಗಿಲು ಅದು. ರಜೆಯಲ್ಲಿ ಬೀಗ ಹಾಕಿ ಊರಿಗೆ ಹೋದರೆ ಆ ನೀರು ಆವಿಯಾಗುತ್ತದೆ. ಪ್ಲಂಬರ್ ಬೇಕಿಲ್ಲ, ಒಂದು ಮಗ್ ನೀರು ಸಾಕು.

6. ಅದೇ ಹನಿ, ಬೇರೆ ಬೆಲೆ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮ ಅಡುಗೆಮನೆಯ ಸೋರುವ ನಲ್ಲಿ ಕೆಳಗೆ ಒಂದು ಲೀಟರ್ ಬಾಟಲ್ ಇಟ್ಟು ನೋಡಿದೆ. 48 ನಿಮಿಷಕ್ಕೆ ತುಂಬಿತು. ದಿನಕ್ಕೆ 30 ಲೀಟರ್, ತಿಂಗಳಿಗೆ 900 ಲೀಟರ್.

2024ರಲ್ಲಿ ಮನೆಬಳಕೆಯ ಕಾವೇರಿ ನೀರಿಗೆ ಮೊದಲ 8,000 ಲೀಟರ್‌ವರೆಗೆ ಸಾವಿರ ಲೀಟರಿಗೆ 7 ರೂಪಾಯಿ ದರ ಇತ್ತು. ಆ ಲೆಕ್ಕದಲ್ಲಿ 900 ಲೀಟರಿಗೆ 6 ರೂಪಾಯಿ 30 ಪೈಸೆ. ಅದೇ ವರ್ಷದ ಬೇಸಿಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಅಂದರೆ 900 ಲೀಟರಿಗೆ 90 ರೂಪಾಯಿ. ನಲ್ಲಿ ಅದೇ, ಹನಿ ಅದೇ, ಬೆಲೆ ಮಾತ್ರ 14 ಪಟ್ಟು. ಜನವರಿಯಲ್ಲಿ ಯಾರೂ ಗಮನಿಸದ ಸೋರಿಕೆ ಏಪ್ರಿಲ್‌ನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಇದಕ್ಕೇ. ಹತ್ತು ಮನೆಗಳ ಕಟ್ಟಡದಲ್ಲಿ ಮನೆಗೊಂದು ಇಂತಹ ನಲ್ಲಿ ಇದ್ದರೆ ತಿಂಗಳಿಗೆ ಒಂದೂವರೆ ಟ್ಯಾಂಕರ್ ಚರಂಡಿಗೆ ಹೋದಂತೆ.

ನಷ್ಟ ಹಣದ್ದು ಮಾತ್ರ ಅಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. 2024ರ ಬೇಸಿಗೆಗೆ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿದವು. ಆ ವರ್ಷ ರಂಜಾನ್ ಬಂದದ್ದೂ ಮಾರ್ಚ್ 12ರಿಂದ ಏಪ್ರಿಲ್ 10ರವರೆಗೆ. ನಮ್ಮ ಕಟ್ಟಡದ ನಾಲ್ಕು ಮನೆಗಳು ಟ್ಯಾಂಕರ್ ದುಡ್ಡನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದವು. ಐದು ದಿನ ಬರಬೇಕಾದ ನೀರು ಮೂರೇ ದಿನಕ್ಕೆ ಮುಗಿಯತೊಡಗಿದಾಗ ಮಾತು ಬೆಳೆಯಿತು. ಚಿಕ್ಕ ಮಕ್ಕಳಿದ್ದ ಮನೆಯವರ ಮೇಲೆ ಅನುಮಾನ ಬಂತು. "ನೀವು ಸಹರಿಗೆ ಏಳ್ತೀರಲ್ಲ, ನೀರು ಜಾಸ್ತಿ ಬೇಕಾಗುತ್ತೆ ಅಲ್ವಾ?" ಎಂದು ನಮ್ಮ ಅಮ್ಮಿಯನ್ನೂ ಒಬ್ಬರು ಕೇಳಿದರು. ಅಮ್ಮಿ ಉತ್ತರ ಕೊಡಲಿಲ್ಲ. ಆದರೆ ಅವತ್ತಿನಿಂದ ಪಾತ್ರೆ ತೊಳೆದ ನೀರನ್ನೂ ಬಕೆಟ್‌ನಲ್ಲಿ ಹಿಡಿದು ಇಡತೊಡಗಿದರು.

ಕೊನೆಗೆ ಬಂದ ಪ್ಲಂಬರ್ ಯಾರನ್ನೂ ಏನೂ ಕೇಳಲಿಲ್ಲ. ಟೆರೇಸ್‌ಗೆ ಹೋಗಿ ನಾಲ್ಕು ಮನೆಗಳ ಗೇಟ್ ವಾಲ್ವ್ ಮುಚ್ಚಿ, ಒಂದೊಂದನ್ನೇ ತೆರೆದು ಪೈಪಿಗೆ ಕಿವಿ ಇಟ್ಟರು. ನೀರು ಹೋಗುತ್ತಿದ್ದದ್ದು ಬೀಗ ಹಾಕಿದ್ದ ಮನೆಗೆ. ಅಲ್ಲಿನವರು ಊರಿಗೆ ಹೋಗಿದ್ದರು, ಫ್ಲಶ್ ಟ್ಯಾಂಕಿನ ವಾಷರ್ ಹೋಗಿ ಹಗಲು ರಾತ್ರಿ ನೀರು ಕಮೋಡ್‌ಗೆ ಇಳಿಯುತ್ತಿತ್ತು. ಯಾರೂ ಹೆಚ್ಚು ನೀರು ಬಳಸಿರಲಿಲ್ಲ. ಒಂದು ವಾಷರ್‌ಗಾಗಿ ನಾಲ್ಕು ಮನೆಯವರು ಎರಡು ವಾರ ಮುಖ ತಿರುಗಿಸಿಕೊಂಡು ಓಡಾಡಿದ್ದರು.

7. ನಾವೇ ಮಾಡಬಹುದಾದ ತಪಾಸಣೆ

ಫೆಬ್ರವರಿಯ ಒಂದು ಭಾನುವಾರ ಒಂದು ಗಂಟೆ ಸಾಕು.

ಅ) ರಾತ್ರಿ ಎಲ್ಲ ನಲ್ಲಿ ಮುಚ್ಚಿದ ಮೇಲೆ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಯಾರೂ ನೀರು ಬಳಸುವ ಮೊದಲು ನೋಡಿ. ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಆ) ಫ್ಲಶ್ ಟ್ಯಾಂಕಿನಲ್ಲಿ ಸ್ವಲ್ಪ ಅಡುಗೆ ಬಣ್ಣ ಹಾಕಿ. ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡ್‌ನಲ್ಲಿ ಬಣ್ಣ ಕಂಡರೆ ವಾಷರ್ ಬದಲಿಸಬೇಕು.

ಇ) ಸಂಪು ಮತ್ತು ಟ್ಯಾಂಕನ್ನು ನೀರಿರುವ ಕಾಲದಲ್ಲೇ ತೊಳೆಸಿ. ಸಂಪಿನೊಳಗೆ ನೀವೇ ಇಳಿಯಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರುಗಟ್ಟುವ ಅಪಾಯ ಇದೆ.

ಈ) ಟೆರೇಸ್ ಮೇಲಿನ ಪೈಪಿಗೆ ಬಿಳಿ ಬಣ್ಣ ಬಳಿಯಿರಿ, ಕ್ಲ್ಯಾಂಪ್‌ಗಳಲ್ಲಿ ಪೈಪ್ ಸ್ವಲ್ಪ ಸರಿದಾಡಲು ಬಿಡಿ.

ಉ) ಊರಿಗೆ ಹೋಗುವಾಗ ಮನೆಯ ಗೇಟ್ ವಾಲ್ವ್ ಮುಚ್ಚಿ.

ಊ) ಬಾಡಿಗೆ ಮನೆಯಾದರೆ ಕಂಡ ದೋಷದ ಫೋಟೋ ತೆಗೆದು ಓನರ್‌ಗೆ ಆಗಲೇ ಕಳಿಸಿ. ಏಪ್ರಿಲ್‌ನಲ್ಲಿ ಕೇಳಿದರೆ ಜಗಳ, ಫೆಬ್ರವರಿಯಲ್ಲಿ ಕೇಳಿದರೆ ರಿಪೇರಿ.

ಹರಿಯುವ ನದಿಯ ದಡದಲ್ಲಿ ಕುಳಿತು ವುಜೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂದು ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದಾರೆ. ಅವರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಮುಕ್ಕಾಲು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ, ವುಜೂ ಮುಗಿಸುತ್ತಿದ್ದರು ಎಂದು ಹದೀಸ್‌ಗಳಲ್ಲಿದೆ. ನಮ್ಮ ಅಡುಗೆಮನೆಯ ನಲ್ಲಿ ಒಂದು ದಿನಕ್ಕೆ ಸೋರಿಸುತ್ತಿದ್ದ 30 ಲೀಟರ್ ನೀರಿನಲ್ಲಿ 40 ಜನ ವುಜೂ ಮಾಡಬಹುದಿತ್ತು. ಅದಕ್ಕೆ ಹಾಕಿದ ಹೊಸ ವಾಷರಿನ ಬೆಲೆ ಒಂದು ಪ್ಲೇಟ್ ಇಡ್ಲಿಗಿಂತ ಕಡಿಮೆ.